‘ಯೂಬಿಕ್’ ಕಾದಂಬರಿ ಮತ್ತು ಸಲ್ಲೇಖನದ ಐದು ಅತಿಚಾರಗಳು

ಜೈನ ಮನೆಗಳ ಪುಸ್ತಕದ ಕಪಾಟುಗಳಲ್ಲಿ ಈಗ ಎರಡು ಬಗೆಯ ಗ್ರಂಥಗಳು ಕಾಣಸಿಗುತ್ತವೆ. ಮೇಲಿನ ಅಂಕಣದಲ್ಲಿ ಹಿರಿಯರ ಸ್ವಾಧ್ಯಾಯದ ಪುಸ್ತಕಗಳು. ಕೆಳಗಿನ ಅಂಕಣದಲ್ಲಿ ಮಕ್ಕಳು, ಮೊಮ್ಮಕ್ಕಳು ಓದುವ ಇಂಗ್ಲಿಷ್ ಕಾದಂಬರಿಗಳು. ಈ ಎರಡು ಅಂಕಣಗಳ ನಡುವೆ ಮಾತುಕತೆ ಇಲ್ಲ. ವೈಜ್ಞಾನಿಕ ಕಾದಂಬರಿ ಎಂದೊಡನೆ ಹಿರಿಯರ ಕಣ್ಣಿಗೆ ಕಟ್ಟುವುದು ಆಕಾಶನೌಕೆ, ಯಂತ್ರಮಾನವ, ಅನ್ಯಗ್ರಹದ ಪ್ರಾಣಿ. ಅದು ಕಾಲಹರಣದ ಓದು, ಆತ್ಮಹಿತಕ್ಕೆ ಸಂಬಂಧಪಟ್ಟದ್ದಲ್ಲ ಎಂಬ ತೀರ್ಮಾನವೂ ಕೂಡಲೇ ಹೊರಬೀಳುತ್ತದೆ. ಹೆಚ್ಚಿನ ಪುಸ್ತಕಗಳ ವಿಷಯದಲ್ಲಿ ಈ ತೀರ್ಮಾನ ತಪ್ಪೂ ಅಲ್ಲ. ಆದರೆ ಕೆಲವು ಕೃತಿಗಳು ಈ ಮಾತಿಗೆ ಹೊರತಾಗಿವೆ. ಕಾಣುತ್ತಿರುವುದು ನಿಜವೇ, ಸತ್ತ ಮೇಲೆ ಏನಾಗುತ್ತದೆ, ಸಾಯುತ್ತಿರುವವನಿಗೆ ಇನ್ನೊಬ್ಬರು ಏನು ಮಾಡಬಲ್ಲರು ಎಂಬ ಪ್ರಶ್ನೆಗಳನ್ನು ಅವು ನೇರವಾಗಿ ಎತ್ತುತ್ತವೆ. ಅಮೆರಿಕದ ಲೇಖಕ ಫಿಲಿಪ್ ಕೆ. ಡಿಕ್ 1966ರಲ್ಲಿ ಬರೆದು 1969ರಲ್ಲಿ ಪ್ರಕಟಿಸಿದ ‘ಯೂಬಿಕ್’ ಅಂಥ ಒಂದು ಕಾದಂಬರಿ.

ಲೇಖಕನ ಬಾಳಿನ ಒಂದು ಸಂಗತಿಯನ್ನು ಮೊದಲೇ ಹೇಳುವುದು ಉಚಿತ. ಡಿಕ್ 1928ರ ಡಿಸೆಂಬರ್‌ನಲ್ಲಿ ಷಿಕಾಗೋ ನಗರದಲ್ಲಿ ಅವಳಿ ಶಿಶುಗಳಲ್ಲಿ ಒಬ್ಬನಾಗಿ ಜನಿಸಿದನು. ಜೊತೆಯಲ್ಲಿ ಹುಟ್ಟಿದ ತಂಗಿ ಜೇನ್ ಆರು ವಾರ ತುಂಬುವಷ್ಟರಲ್ಲಿ ತೀರಿಕೊಂಡಳು. ಕೊಲೊರಾಡೊ ಪ್ರಾಂತದ ಫೋರ್ಟ್ ಮಾರ್ಗನ್ ಎಂಬ ಊರಿನಲ್ಲಿ ಆ ಶಿಶುವನ್ನು ಮಣ್ಣು ಮಾಡಿ, ತಂದೆತಾಯಿಗಳು ಸಮಾಧಿಯ ಕಲ್ಲಿನ ಮೇಲೆ ಅವಳ ಹೆಸರಿನ ಪಕ್ಕದಲ್ಲಿಯೇ ಬದುಕಿದ್ದ ಗಂಡುಮಗುವಿನ ಹೆಸರನ್ನೂ ಕೆತ್ತಿಸಿದರು. ಮರಣದ ದಿನಾಂಕದ ಜಾಗವೊಂದು ಖಾಲಿಯಾಗಿ ಉಳಿಯಿತು. ಅದು ಭರ್ತಿಯಾದದ್ದು 1982ರಲ್ಲಿ. ಡಿಕ್‌ನ ಅಸ್ಥಿಯನ್ನು ಅಲ್ಲಿಯೇ ಇಡಲಾಯಿತು. ತನ್ನ ಹೆಸರು ಗೋರಿಯ ಕಲ್ಲಿನ ಮೇಲೆ ಮೊದಲೇ ಇದೆ ಎಂಬುದನ್ನು ಬಲ್ಲವನು, ಬದುಕಿರುವವರು ಯಾರು, ಸತ್ತವರು ಯಾರು ಎಂಬ ಸಂದೇಹದ ಮೇಲೆಯೇ ಒಂದು ಕಾದಂಬರಿಯನ್ನು ಕಟ್ಟಿದ್ದು ಅಚ್ಚರಿಯ ಮಾತಲ್ಲ.

ಕಥೆ ಹೀಗಿದೆ. ಕಾಲ 1992, ಬರೆದ ದಿನಗಳಲ್ಲಿ ಅದು ಭವಿಷ್ಯತ್ತು. ಸಾಯುವ ಹೊತ್ತಿಗೆ ಸರಿಯಾಗಿ ದೇಹವನ್ನು ಶೀತಪೆಟ್ಟಿಗೆಯಲ್ಲಿಟ್ಟರೆ ಒಂದಿಷ್ಟು ಪ್ರಜ್ಞೆ ಉಳಿಯುತ್ತದೆ. ಇದಕ್ಕೆ ‘ಅರ್ಧಜೀವಿತ’ ಎಂದು ಹೆಸರು. ಬಂಧುಗಳು ಬಂದು ಯಂತ್ರದ ಮೂಲಕ ಅವರೊಡನೆ ಮಾತನಾಡಬಹುದು. ಆದರೆ ಮಾತನಾಡಿಸಿದಷ್ಟು ಸಲ ಉಳಿದಿರುವ ಜೀವಿತ ಸವೆಯುತ್ತದೆ. ಗ್ಲೆನ್ ರನ್‌ಸಿಟರ್ ಎಂಬ ಉದ್ಯಮಿಯ ಪತ್ನಿ ಎಲ್ಲಾ ಎಳೆಯ ವಯಸ್ಸಿನಲ್ಲಿಯೇ ತೀರಿಹೋಗಿ, ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಶೈತ್ಯಾಲಯವೊಂದರಲ್ಲಿ ಹೀಗೆ ಇದ್ದಾಳೆ. ರನ್‌ಸಿಟರನ ಸಂಸ್ಥೆಯ ಕೆಲಸವೂ ವಿಚಿತ್ರವಾದದ್ದು. ಇನ್ನೊಬ್ಬರ ಮನಸ್ಸನ್ನು ಓದುವವರು, ಮುಂದಾಗುವುದನ್ನು ಕಾಣುವವರು ಆ ಲೋಕದಲ್ಲಿ ಕೂಲಿಗೆ ದೊರೆಯುತ್ತಾರೆ. ಅವರ ಶಕ್ತಿಯನ್ನು ತಡೆಯುವವರನ್ನು ಈತ ಬಾಡಿಗೆಗೆ ಕೊಡುತ್ತಾನೆ. ಸಂಯಮಿಗಳಾದ ಮುನಿಗಳಿಗೆ ಮಾತ್ರ ಮನಃಪರ್ಯಯಜ್ಞಾನವು ಉಂಟಾಗುತ್ತದೆಂದು ಕೇಳಿ ಬೆಳೆದ ಓದುಗನು, ಅದನ್ನು ಹೋಲುವ ಶಕ್ತಿಯೊಂದು ಸಂಬಳದ ಕಸುಬಾಗಿರುವುದನ್ನು ಕಂಡು ಇಲ್ಲಿ ಒಂದು ಕ್ಷಣ ನಿಲ್ಲುತ್ತಾನೆ.

ರನ್‌ಸಿಟರ್ ತನ್ನ ಹನ್ನೆರಡು ಮಂದಿ ಕೆಲಸಗಾರರೊಡನೆ ಚಂದ್ರನಲ್ಲಿಗೆ ಹೋದಾಗ ಬಾಂಬ್ ಸ್ಫೋಟವಾಗುತ್ತದೆ. ಯಜಮಾನ ಸತ್ತನೆಂದು ತಿಳಿದು, ಜೋ ಚಿಪ್ ಎಂಬ ಪರೀಕ್ಷಕನೂ ಉಳಿದವರೂ ಅವನ ದೇಹವನ್ನು ಜ್ಯೂರಿಕ್‌ಗೆ ತರುತ್ತಾರೆ. ಅಲ್ಲಿಂದ ಮುಂದೆ ಲೋಕವೇ ಹಿಮ್ಮುಖವಾಗಿ ಸರಿಯತೊಡಗುತ್ತದೆ. ಸಿಗರೇಟು ಒಣಗಿ ಪುಡಿಯಾಗುತ್ತದೆ, ಹಾಲು ಹುಳಿಯಾಗುತ್ತದೆ, ನಾಣ್ಯಗಳ ಮೇಲೆ ಸತ್ತ ಯಜಮಾನನ ಮುಖ ಮೂಡುತ್ತದೆ. ಯಂತ್ರಗಳು ತಮ್ಮ ಹಳೆಯ ರೂಪಗಳಿಗೆ ಮರಳಿ, ಕೊನೆಗೆ ಎಲ್ಲವೂ 1939ನೆಯ ಇಸವಿಗೆ ಬಂದು ನಿಲ್ಲುತ್ತದೆ. ಜೊತೆಗಾರರು ಒಬ್ಬೊಬ್ಬರಾಗಿ ಚಳಿ ಹಿಡಿದು, ದಣಿದು, ಸುಕ್ಕಿ ಸಾಯುತ್ತಾರೆ. ಆಗ ಗೋಡೆಬರಹಗಳಲ್ಲಿ, ಜಾಹೀರಾತುಗಳಲ್ಲಿ ರನ್‌ಸಿಟರನ ಸಂದೇಶಗಳು ಬರತೊಡಗುತ್ತವೆ. ಬದುಕಿರುವವನು ತಾನು, ಸತ್ತಿರುವವರು ಅವರು ಎಂಬುದೇ ಅವುಗಳ ಸಾರಾಂಶ. ಶೀತಪೆಟ್ಟಿಗೆಯಲ್ಲಿ ಮಲಗಿರುವ ಈ ಮಂದಿ ಕಾಣುತ್ತಿದ್ದ ಲೋಕವನ್ನು ಕಟ್ಟಿದವನು ಅದೇ ಶೈತ್ಯಾಲಯದಲ್ಲಿರುವ ಜೋರಿ ಎಂಬ ಹದಿಹರೆಯದ ಹುಡುಗ. ಅಕ್ಕಪಕ್ಕದವರ ಉಳಿದ ಜೀವಿತವನ್ನು ತಿಂದು ಅವನು ತನ್ನದನ್ನು ಬೆಳೆಸಿಕೊಳ್ಳುತ್ತಿದ್ದಾನೆ. ಅವನಿಂದ ಕಾಪಾಡುವ ಒಂದೇ ವಸ್ತು ‘ಯೂಬಿಕ್’ ಎಂಬ ಸ್ಪ್ರೇ ಡಬ್ಬಿ. ‘ಎಲ್ಲೆಲ್ಲಿಯೂ’ ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಬಂದ ಹೆಸರು ಅದು.

ಈ ಕಥೆಯಲ್ಲಿ ಜೈನ ಓದುಗನನ್ನು ಮೊದಲು ಹಿಡಿದು ನಿಲ್ಲಿಸುವುದು ಅರ್ಧಜೀವಿತದ ಲೆಕ್ಕ. ಅದೊಂದು ನಿಗದಿಯಾದ ಮೂಲಧನ. ವೆಚ್ಚ ಬೇಗ ಆಗಬಹುದು, ಮೆಲ್ಲಗೆ ಆಗಬಹುದು, ಜಮೆ ಆಗುವುದಿಲ್ಲ. ಕರ್ಮಸಿದ್ಧಾಂತದಲ್ಲಿ ಆಯುಕರ್ಮದ ಸ್ವರೂಪವೂ ಬಹುಮಟ್ಟಿಗೆ ಇದೇ. ಹಿಂದಿನ ಭವದಲ್ಲಿ ಕಟ್ಟಿಕೊಂಡು ಬಂದ ಆಯುಷ್ಯವನ್ನು ವಿಷ, ಶಸ್ತ್ರ, ಬೇನೆಗಳು ಅಕಾಲದಲ್ಲಿ ಕರಗಿಸಬಹುದು. ಕಟ್ಟಿದ ಆಯುವಿಗೆ ಒಂದು ಸಮಯವನ್ನಾದರೂ ಹೊಸದಾಗಿ ಕೂಡಿಸಲು ತೀರ್ಥಂಕರರಿಗೂ ಆಗುವುದಲ್ಲ. ಈ ಶಾಸ್ತ್ರವನ್ನು ಡಿಕ್ ಓದಿರಬೇಕಾಗಿಲ್ಲ. ಸಾವನ್ನು ದಿಟ್ಟಿಸಿ ನೋಡಿದ ಯಾವ ಪ್ರಾಮಾಣಿಕ ಮನಸ್ಸಿಗಾದರೂ ಈ ಜಮಾಖರ್ಚು ಕಣ್ಣಿಗೆ ಬೀಳುತ್ತದೆ.

ಭೇದವಿರುವುದು ಮುಂದಿನ ಹೆಜ್ಜೆಯಲ್ಲಿ. ಡಿಕ್ ಟಿಬೆಟಿನ ಬೌದ್ಧರ ಮರಣಗ್ರಂಥವನ್ನು ತನ್ನ ಕಥೆಯೊಳಗೆ ತಂದಿದ್ದಾನೆ. ಎಲ್ಲಾಳಿಗೆ ಹೊಗೆಗೆಂಪಿನ ಬೆಳಕೊಂದು ಕಾಣುತ್ತದೆ, ಅದು ಮುಂದಿನ ಗರ್ಭದ ಸೂಚನೆ ಎಂದು ಬರುತ್ತದೆ. ಸಾವಿಗೂ ಮರುಹುಟ್ಟಿಗೂ ನಡುವೆ ಒಂದು ನಿಲುಗಡೆ ಉಂಟೆಂದು ಆ ಪರಂಪರೆ ನಂಬುತ್ತದೆ. ಜಿನಾಗಮದಲ್ಲಿ ಅಂಥ ತಂಗುದಾಣವಿಲ್ಲ. ದೇಹವನ್ನು ಬಿಟ್ಟ ಜೀವವು ತೈಜಸ, ಕಾರ್ಮಣ ಶರೀರಗಳೊಡನೆ ವಿಗ್ರಹಗತಿಯಲ್ಲಿ ಕೆಲವೇ ಸಮಯಗಳೊಳಗೆ ತನ್ನ ಮುಂದಿನ ಜನ್ಮಸ್ಥಾನವನ್ನು ಸೇರುತ್ತದೆ. ಸಮಯವೆಂದರೆ ಕಾಲದ ಅತಿಸೂಕ್ಷ್ಮ ಅಂಶ. ಕಣ್ಣೆವೆ ಇಕ್ಕುವಷ್ಟರಲ್ಲಿ ಅಸಂಖ್ಯಾತ ಸಮಯಗಳು ಕಳೆಯುತ್ತವೆ. ಹಾಗಿದ್ದ ಮೇಲೆ ಶೀತಪೆಟ್ಟಿಗೆಯಲ್ಲಿ ಮಾತನಾಡುವವರು ಯಾರು? ಜೈನದೃಷ್ಟಿಯ ಉತ್ತರ ಸ್ಪಷ್ಟವಾಗಿದೆ. ಅವರು ಸತ್ತವರಲ್ಲ. ಪಂಚೇಂದ್ರಿಯಗಳು, ಮನೋವಚನಕಾಯಗಳೆಂಬ ಮೂರು ಬಲಗಳು, ಉಸಿರಾಟ, ಆಯು ಎಂಬ ಹತ್ತು ಪ್ರಾಣಗಳಲ್ಲಿ ಹಲವು ಅಡಗಿದ್ದರೂ ಮನೋಬಲವೂ ಆಯುವೂ ಅವರಲ್ಲಿ ಇವೆ. ಅವರು ಸಾಯುತ್ತಿರುವವರು, ಅಂದರೆ ಜೀವಂತರು.

ಇದು ಕೇವಲ ಶಬ್ದದ ಜಗಳವಲ್ಲ. ಅವರು ಜೀವಂತರೆಂದು ಒಪ್ಪಿದೊಡನೆ ಕಾದಂಬರಿಯ ಮೊದಲ ಅಧ್ಯಾಯಗಳೇ ಬೇರೆ ಬಣ್ಣ ತಾಳುತ್ತವೆ. ರನ್‌ಸಿಟರ್ ಪತ್ನಿಯನ್ನು ಎಚ್ಚರಿಸುವುದು ಅವಳ ಕುಶಲ ಕೇಳಲೆಂದಲ್ಲ. ವ್ಯಾಪಾರದ ಇಕ್ಕಟ್ಟಿನಲ್ಲಿ ಸಲಹೆ ಕೇಳಲೆಂದು. ಅವಳು ಆಡುವ ಒಂದೊಂದು ಮಾತೂ ಅವಳ ಉಳಿದ ಆಯುವಿನಿಂದ ತೆತ್ತದ್ದು. ಗಂಡನಿಗೆ ಹೆಂಡತಿಯ ಮೇಲೆ ಪ್ರೀತಿ ಇಲ್ಲವೆಂದಲ್ಲ. ಪ್ರೀತಿ ಇದೆ, ಅದರ ಪಕ್ಕದಲ್ಲಿ ಲಾಭದ ಲೆಕ್ಕವೂ ಇದೆ. ಯಾವುದು ಎಲ್ಲಿ ಮುಗಿಯುತ್ತದೆಂದು ಅವನಿಗೇ ತಿಳಿಯದು. ಹಾಸಿಗೆ ಹಿಡಿದ ಹಿರಿಯರಿಂದ ಕಾಗದಪತ್ರಗಳಿಗೆ ಸಹಿ ಹಾಕಿಸಿಕೊಳ್ಳುವ ಆತುರವನ್ನು ಕಂಡ ಯಾವ ಕುಟುಂಬಕ್ಕೂ ಈ ದೃಶ್ಯ ಅಪರಿಚಿತವೆನಿಸಲಾರದು.

ಸಲ್ಲೇಖನ ವ್ರತಕ್ಕೆ ಐದು ಅತಿಚಾರಗಳನ್ನು ಆಚಾರ್ಯರು ಹೇಳಿದ್ದಾರೆ. ಜೀವಿತಾಶಂಸೆ, ಮರಣಾಶಂಸೆ, ಮಿತ್ರಾನುರಾಗ, ಸುಖಾನುಬಂಧ, ನಿದಾನ. ಇನ್ನೂ ಬದುಕಬೇಕೆಂಬ ಆಸೆ, ಬೇಗ ಸಾಯಬೇಕೆಂಬ ಆಸೆ, ಬಂಧುಮಿತ್ರರ ಮೇಲಿನ ಸೆಳೆತ, ಉಂಡ ಸುಖದ ಮೆಲುಕು, ಮುಂದಿನ ಭವದ ಭೋಗದ ಬಯಕೆ ಎಂದು ಇವನ್ನು ಸರಳವಾಗಿ ತಿಳಿಯಬಹುದು. ‘ಯೂಬಿಕ್’ ಕಾದಂಬರಿಯ ಶ್ರೇಷ್ಠತೆ ಏನೆಂದರೆ, ಈ ಐದೂ ಅದರಲ್ಲಿ ರೂಪ ತಾಳಿ ನಿಂತಿವೆ.

ಜೀವಿತಾಶಂಸೆಯ ಪರಮಾವಧಿ ಜೋರಿ. ಬದುಕಬೇಕೆಂಬ ಆಸೆಗೆ ಎಲ್ಲೆ ಇಲ್ಲವಾದಾಗ ಅದು ಪರಹಿಂಸೆಯೇ ಆಗಿ ಮುಗಿಯುತ್ತದೆಂಬುದಕ್ಕೆ ಅವನೇ ನಿದರ್ಶನ. ಮರಣಾಶಂಸೆಯನ್ನು ಜೋ ಚಿಪ್ ಹೋಟೆಲಿನ ಮೆಟ್ಟಿಲುಗಳನ್ನು ಹತ್ತುವ ಅಧ್ಯಾಯದಲ್ಲಿ ಕಾಣಬಹುದು. ಇಡೀ ಪುಸ್ತಕದಲ್ಲಿ ಅತ್ಯಂತ ಸತ್ಯವಾದ ಬರವಣಿಗೆ ಇದು. ಅವನಿಗೆ ಬದುಕಬೇಕೆಂದಿಲ್ಲ, ಜಯಿಸಬೇಕೆಂದಿಲ್ಲ. ಮೇಲಿನ ಕೋಣೆಯನ್ನು ಸೇರಿ, ಬಾಗಿಲು ಮುಚ್ಚಿ, ಒಬ್ಬನೇ ಮಲಗಿದರೆ ಸಾಕಾಗಿದೆ. ಒಂದೊಂದು ಮೆಟ್ಟಿಲೂ ಬೆಟ್ಟವಾಗುತ್ತದೆ. ಜೊತೆಗಿದ್ದವಳೊಬ್ಬಳು ನೋಡಿ ಹಂಗಿಸುತ್ತಾಳೆಯೇ ಹೊರತು ಕೈ ಹಿಡಿಯುವುದಿಲ್ಲ. ದಣಿವಿನಿಂದ ಬರುವ ಸಾವಿನ ಬಯಕೆಗೂ ಸಮಾಧಿಯಿಂದ ಬರುವ ತ್ಯಾಗಕ್ಕೂ ಇರುವ ಅಂತರವನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದ ಆಧುನಿಕ ಪುಟಗಳು ವಿರಳ. ಸಲ್ಲೇಖನವನ್ನು ಆತ್ಮಹತ್ಯೆಯೆಂದು ಬಗೆಯುವವರು ಈ ಅಂತರವನ್ನೇ ಕಾಣಲಾರದೆ ಹೋಗುತ್ತಾರೆ.

ಮಿತ್ರಾನುರಾಗ ಎಲ್ಲಾಳದು. ಅರ್ಧಜೀವಿಗಳಲ್ಲಿ ಹೊರಡಲು ಸಿದ್ಧಳಾಗಿರುವವಳು ಅವಳೊಬ್ಬಳೇ. ಆದರೂ ಕೊನೆಗಳಿಗೆಯಲ್ಲಿ ಅವಳ ಚಿಂತೆ ಗಂಡನ ಸಂಸ್ಥೆಗೆ ಇನ್ನು ಮುಂದೆ ಸಲಹೆ ಕೊಡುವವರಾರು ಎಂಬುದು. ಜೋ ಚಿಪ್‌ನನ್ನು ಅವಳು ಕಾಪಾಡುವುದರಲ್ಲಿ ಕರುಣೆಯೂ ಇದೆ, ತನ್ನ ಗದ್ದುಗೆಗೆ ಉತ್ತರಾಧಿಕಾರಿಯನ್ನು ನೇಮಿಸುವ ಆಸ್ಥೆಯೂ ಇದೆ. ಸುಖಾನುಬಂಧಕ್ಕೆ 1939ಕ್ಕೆ ಸರಿಯುವ ಲೋಕವೇ ಸಾಕ್ಷಿ. ಹಳೆಯ ಕಾರು, ಹಳೆಯ ಅಂಗಡಿ, ಹಳೆಯ ಸಿಗರೇಟು ಎಂದು ಮನಸ್ಸು ಹಿಂದಕ್ಕೆ ಹೋದರೆ ಅಲ್ಲಿಯೂ ನೆಮ್ಮದಿ ಇಲ್ಲ. ಯೂರೋಪಿನ ಮಹಾಯುದ್ಧ ಆರಂಭವಾದ ವರ್ಷ ಅದು. ಇನ್ನು ಐದನೆಯದಾದ ನಿದಾನವು ಆ ಹೊಗೆಗೆಂಪು ಬೆಳಕಿನ ಸುತ್ತ ಸುಳಿಯುತ್ತದೆ. ಕೆಟ್ಟ ಗರ್ಭ ಬೇಡ, ಒಳ್ಳೆಯ ಗರ್ಭ ಬೇಕು ಎಂಬ ಆಯ್ಕೆಯ ಆಸೆ ಎಷ್ಟೇ ಸಹಜವೆನಿಸಿದರೂ ಅದು ಬಯಕೆಯೇ. ಗರ್ಭವೇ ಬೇಡವೆಂಬ ಮುಮುಕ್ಷುವಿನ ದನಿ ಈ ಕಾದಂಬರಿಯಲ್ಲಿ ಒಂದು ಕಡೆಯೂ ಕೇಳಿಸುವುದಿಲ್ಲ. ಅದರ ದೊಡ್ಡ ಕೊರತೆ ಇದು.

ಈ ಕೊರತೆಯನ್ನು ಅಳೆಯಲು ಕನ್ನಡದ ಓದುಗನು ದೂರ ಹೋಗಬೇಕಾಗಿಲ್ಲ. ‘ವಡ್ಡಾರಾಧನೆ’ಯ ಹತ್ತೊಂಬತ್ತು ಕಥೆಗಳೂ ಸಾವನ್ನು ಎದುರಿಸಿದ ಮಹಾಪುರುಷರ ಕಥೆಗಳೇ ಆಗಿವೆ. ಅವುಗಳಲ್ಲಿ ಸುಕುಮಾರಸ್ವಾಮಿಯ ಕಥೆಯನ್ನು ಇಲ್ಲಿ ನೆನೆಯಬೇಕು. ಧ್ಯಾನದಲ್ಲಿರುವ ಆತನನ್ನು ಹೆಣ್ಣುನರಿಯೊಂದು ತನ್ನ ಮರಿಗಳೊಡನೆ ಬಂದು ಕಾಲಿನಿಂದ ತಿನ್ನತೊಡಗುತ್ತದೆ. ಹಿಂದಿನ ಭವವೊಂದರಲ್ಲಿ ಅತ್ತಿಗೆಯನ್ನು ಒದೆದ ಕಾಲು ಅದು. ಆ ನೋವಿನಲ್ಲಿ ಅವಳು ಮಾಡಿದ ನಿದಾನ ನರಿಯ ರೂಪದಲ್ಲಿ ಫಲಿಸಿದೆ. ಸುಕುಮಾರಸ್ವಾಮಿ ಕದಲುವುದಿಲ್ಲ. ತಿನ್ನಲಾಗುತ್ತಿರುವುದು ದೇಹ, ತಾನಲ್ಲ ಎಂಬ ಭೇದಜ್ಞಾನದಲ್ಲಿ ನಿಂತು ಸಾಲ ತೀರಿಸುತ್ತಾನೆ.

ಜೋರಿಯೂ ತಿನ್ನುತ್ತಾನೆ, ನರಿಯೂ ತಿನ್ನುತ್ತದೆ. ಆದರೆ ಡಿಕ್‌ನ ಲೋಕದಲ್ಲಿ ತಿನ್ನಲ್ಪಡುವುದು ಚೈತನ್ಯವೇ. ಜೈನದರ್ಶನ ಇದನ್ನು ಒಪ್ಪುವಂತಿಲ್ಲ. ಒಂದು ದ್ರವ್ಯವು ಇನ್ನೊಂದು ದ್ರವ್ಯವನ್ನು ನುಂಗಿ ತನ್ನದಾಗಿಸಿಕೊಳ್ಳಲಾರದು. ಜೀವದ ಪ್ರಾಣಗಳಿಗೆ ಘಾತವಾಗಬಹುದು, ಜೀವಕ್ಕೆ ನಾಶವಿಲ್ಲ. ಈ ಒಂದು ಭರವಸೆ ಇಲ್ಲದಿರುವುದರಿಂದಲೇ ‘ಯೂಬಿಕ್’ ಓದುವಾಗ ಒಂದು ಬಗೆಯ ನಡುಕ ಹುಟ್ಟುತ್ತದೆ. ಭರವಸೆ ಇರುವುದರಿಂದಲೇ ‘ವಡ್ಡಾರಾಧನೆ’ಯ ಭೀಕರ ದೃಶ್ಯವೂ ಓದುಗನಿಗೆ ಶಾಂತಿಯನ್ನು ತರುತ್ತದೆ.

ಆದರೆ ಜೋರಿಯ ಪ್ರಸಂಗದಲ್ಲಿ ಡಿಕ್ ಹೇಳಿರುವ ಇನ್ನೊಂದು ಸಂಗತಿ ವ್ಯಾಪಾರಸ್ಥರೂ ಧರ್ಮಸಂಸ್ಥೆಗಳ ಆಡಳಿತದವರೂ ಮನಸ್ಸಿಟ್ಟು ಓದತಕ್ಕದ್ದು. ಜೋರಿಯನ್ನು ಉಳಿದವರಿಂದ ದೂರ ಇಡಬಹುದಲ್ಲವೆ ಎಂಬ ಪ್ರಶ್ನೆ ಏಳುತ್ತದೆ. ಇಡುವುದಿಲ್ಲ, ಏಕೆಂದರೆ ಅವನನ್ನು ಇತರರ ನಡುವೆಯೇ ಇರಿಸಲು ಅವನ ಮನೆಯವರು ಶೈತ್ಯಾಲಯದ ಒಡೆಯನಿಗೆ ವರ್ಷಂಪ್ರತಿ ದೊಡ್ಡ ಮೊತ್ತ ಕೊಡುತ್ತಾರೆ. ಒಡೆಯನು ಸಭ್ಯ, ಮೃದುಭಾಷಿ, ಕೇಳಿದವರಿಗೆಲ್ಲ ಒಪ್ಪುವಂಥ ಸಬೂಬು ಹೇಳಬಲ್ಲವನು. ಅವನು ಯಾರನ್ನೂ ಕೊಂದಿಲ್ಲ. ಕೃತ, ಕಾರಿತ, ಅನುಮೋದನೆ ಎಂದು ಹಿಂಸೆಯ ಮೂರು ದಾರಿಗಳನ್ನು ಬಲ್ಲ ಸಮಾಜಕ್ಕೆ ಈ ಮನುಷ್ಯನ ಗುರುತು ಹಿಡಿಯುವುದು ಕಷ್ಟವಲ್ಲ. ಜೋ ಚಿಪ್‌ನ ಮನೆಯ ಬಾಗಿಲು ಐದು ಸೆಂಟು ಹಾಕದೆ ತೆರೆಯುವುದಿಲ್ಲ. ತಿರುಪು ಬಿಚ್ಚಲು ಹೋದರೆ ಮೊಕದ್ದಮೆ ಹೂಡುವೆನೆಂದು ಬೆದರಿಸುತ್ತದೆ. ಓದುಗ ಇಲ್ಲಿ ನಗುತ್ತಾನೆ. ಬದುಕಿರುವವರ ಬಾಗಿಲಿಗೆ ಕಟ್ಟಿದ ಬೆಲೆಯೇ ಸಾಯುವವರ ಹಾಸಿಗೆಗೂ ಕಟ್ಟಲಾಗಿದೆ ಎಂದು ತಿಳಿದಾಗ ಆ ನಗು ನಿಲ್ಲುತ್ತದೆ.

ಇನ್ನು ಯೂಬಿಕ್ ಎಂಬ ಆ ಡಬ್ಬಿಯ ವಿಚಾರ. ಪ್ರತಿ ಅಧ್ಯಾಯದ ತಲೆಯಲ್ಲಿಯೂ ಒಂದು ಜಾಹೀರಾತು ಇದೆ. ಒಂದರಲ್ಲಿ ಯೂಬಿಕ್ ಕಾರು, ಇನ್ನೊಂದರಲ್ಲಿ ಕಾಫಿ, ಮತ್ತೊಂದರಲ್ಲಿ ಕ್ಷೌರದ ಬ್ಲೇಡು. ಕೊನೆಯ ಅಧ್ಯಾಯಕ್ಕೆ ಬಂದಾಗ ಮಾತ್ರ ಆ ದನಿ ಬದಲಾಗಿ, ಲೋಕಗಳನ್ನೂ ಜೀವಿಗಳನ್ನೂ ತಾನೇ ಮಾಡಿದೆನೆಂದು ಘೋಷಿಸುತ್ತದೆ. ಪೇಟೆಯ ಸರಕು ಸೃಷ್ಟಿಕರ್ತನಾಗಿ ಬಿಡುತ್ತದೆ. ಇದು ವ್ಯಂಗ್ಯವೆಂದು ಕೆಲವರೂ ಭಕ್ತಿಯೆಂದು ಕೆಲವರೂ ಓದುತ್ತಾರೆ. ಹೇಗೆ ಓದಿದರೂ ಜೈನರು ಇಲ್ಲಿ ಡಿಕ್‌ನ ಕೈ ಬಿಡಲೇಬೇಕು. ಸೃಷ್ಟಿಸುವ, ಕಾಯುವ, ಕೊನೆಗಳಿಗೆಯಲ್ಲಿ ಬಂದು ಚಿಮುಕಿಸಿ ಬದುಕಿಸುವ ಕರ್ತನೊಬ್ಬನನ್ನು ಜಿನಶಾಸನ ಅಂಗೀಕರಿಸಿಲ್ಲ. ಸೋಜಿಗವೆಂದರೆ, ಕಥೆಯೊಳಗೇ ಈ ಘೋಷಣೆಗೆ ವಿರೋಧವಿದೆ. ಯೂಬಿಕ್ ಅನ್ನು ಕಂಡುಹಿಡಿದವರು ಎಲ್ಲಾ ಮತ್ತು ಅವಳಂತೆಯೇ ಜೋರಿಯಿಂದ ಪೀಡಿತರಾದ ಅರ್ಧಜೀವಿಗಳು. ಹೊರಗಿನಿಂದ ಬಂದ ಅನುಗ್ರಹವಲ್ಲ, ಸಂಕಟದಲ್ಲಿರುವವರು ಒಬ್ಬರಿಗೊಬ್ಬರು ಮಾಡಿದ ಉಪಕಾರ ಅದು. ಜೀವಗಳಿಗೆ ಪರಸ್ಪರ ಉಪಕಾರವೇ ಸ್ವಭಾವ ಎಂಬ ತತ್ತ್ವಕ್ಕೆ ಇದು ಎಷ್ಟು ಹತ್ತಿರ! ಕಥೆಗಾರನಾದ ಡಿಕ್ ಸರಿಯಾದ ಜಾಗಕ್ಕೆ ತಲುಪಿದ್ದನು. ಕೊನೆಯ ಜಾಹೀರಾತನ್ನು ಬರೆದ ಡಿಕ್ ಅದನ್ನು ಬಿಟ್ಟುಕೊಟ್ಟನು ಎನ್ನದೆ ವಿಧಿಯಿಲ್ಲ.

ಕಾದಂಬರಿಯ ಕೊನೆಯ ಪುಟವೂ ಬಹಳ ಚರ್ಚೆಗೆ ಒಳಗಾಗಿದೆ. ಬದುಕಿರುವ ರನ್‌ಸಿಟರ್ ಶೈತ್ಯಾಲಯದ ಆಳಿಗೆ ನಾಣ್ಯ ಕೊಡಲು ಹೋದರೆ ಅದರ ಮೇಲೆ ಜೋ ಚಿಪ್‌ನ ಮುಖವಿದೆ. ಹಾಗಾದರೆ ರನ್‌ಸಿಟರನೂ ಸತ್ತವನೇ? ಲೇಖಕ ಉತ್ತರ ಕೊಡದೆ ಮುಗಿಸುತ್ತಾನೆ. ಇದನ್ನು ಓದಿದ ತರುಣರು, ಜೈನರ ಅನೇಕಾಂತವೂ ಇದನ್ನೇ ಹೇಳುತ್ತದಲ್ಲವೆ, ಯಾವುದೂ ನಿಶ್ಚಯವಲ್ಲವಲ್ಲವೆ ಎಂದು ಕೇಳುವುದುಂಟು. ಹಿರಿಯರು ಇಲ್ಲಿ ಸುಮ್ಮನಿರಬಾರದು. ಅನೇಕಾಂತ ಸಂದೇಹವಾದವಲ್ಲ. ಸಂಶಯವನ್ನು ಶಾಸ್ತ್ರಗಳು ಐದು ಬಗೆಯ ಮಿಥ್ಯಾತ್ವಗಳಲ್ಲಿ ಒಂದೆಂದು ಎಣಿಸಿವೆ. ವಸ್ತುವು ನಿಜವಾಗಿ ಇದೆ. ಅದಕ್ಕೆ ಅನಂತ ಧರ್ಮಗಳಿವೆ. ಒಂದೊಂದು ನಯದಿಂದ ಆಡಿದ ಮಾತು ಆ ಮಿತಿಯಲ್ಲಿ ಖಚಿತವೇ ಹೌದು. ದ್ರವ್ಯದಿಂದ ನೋಡಿದರೆ ಸ್ಥಿರ, ಪರ್ಯಾಯದಿಂದ ನೋಡಿದರೆ ಹುಟ್ಟಿ ಅಳಿಯುವಂಥದ್ದು. ಡಿಕ್‌ನ ಲೋಕದಲ್ಲಿ ಹೊಸ ಯಂತ್ರದ ಒಳಗೆ ಹಳೆಯ ಯಂತ್ರ ಅಡಗಿ ಕಾಯುತ್ತಿರುತ್ತದೆ. ಜೈನದರ್ಶನದಲ್ಲಿ ಕಳೆದ ಪರ್ಯಾಯ ಕಳೆದುಹೋಯಿತು, ಪುದ್ಗಲ ಮಾತ್ರ ಉಳಿಯಿತು. ಎರಡು ನಾಣ್ಯಗಳ ಮೇಲೆ ಎರಡು ಮುಖಗಳನ್ನು ಕಂಡು ನಾಣ್ಯವೇ ಇಲ್ಲವೆನ್ನುವುದು ಅನೇಕಾಂತವಾಗಲಾರದು.

ಈ ಕಲ್ಪನೆ ಕಥೆಯಾಗಿಯೇ ಉಳಿಯಲಿಲ್ಲ ಎಂಬುದನ್ನೂ ಗಮನಿಸಬೇಕು. ರಾಬರ್ಟ್ ಎಟಿಂಗರ್ ಎಂಬವರು ಸತ್ತವರನ್ನು ಶೈತ್ಯದಲ್ಲಿಟ್ಟು ಮುಂದೊಂದು ದಿನ ಎಬ್ಬಿಸಬಹುದೆಂದು ವಾದಿಸಿದ ಪುಸ್ತಕ 1964ರಲ್ಲಿ ಅಮೆರಿಕದಲ್ಲಿ ಪ್ರಸಿದ್ಧಿಗೆ ಬಂದಿತು. 1967ರ ಜನವರಿ 12ರಂದು ಜೇಮ್ಸ್ ಬೆಡ್‌ಫರ್ಡ್ ಎಂಬ ನಿವೃತ್ತ ಪ್ರಾಧ್ಯಾಪಕರ ದೇಹವನ್ನು ಮೊದಲ ಬಾರಿಗೆ ಹಾಗೆ ಇಡಲಾಯಿತು. ಆ ಬಳಿಕ ಇನ್ನೂ ಹಲವರ ದೇಹಗಳು ಹೀಗೆ ಶೈತ್ಯದಲ್ಲಿವೆ. ಎದ್ದು ಬಂದವರು ಯಾರೂ ಇಲ್ಲ.

ಭಾರತದಲ್ಲಿ ಶೀತಪೆಟ್ಟಿಗೆ ಇಲ್ಲ, ಆದರೆ ತೀವ್ರ ನಿಗಾ ಘಟಕವಿದೆ. ಗುಣವಾಗುವ ಬೇನೆಗೆ ಅದು ವರ; ಔಷಧೋಪಚಾರವನ್ನು ಧರ್ಮ ಬೇಡವೆನ್ನುವುದಿಲ್ಲ. ಪ್ರಶ್ನೆ ಬೇರೆಯೇ. ಪ್ರತೀಕಾರವಿಲ್ಲದ ರೋಗ, ಮುಪ್ಪು, ಬರ, ಉಪಸರ್ಗಗಳು ಬಂದೊದಗಿದಾಗ ಧರ್ಮಕ್ಕಾಗಿ ದೇಹವನ್ನು ಬಿಡುವುದೇ ಸಲ್ಲೇಖನವೆಂದು ಸಮಂತಭದ್ರಾಚಾರ್ಯರು ನಿರೂಪಿಸಿದ್ದಾರೆ. ಆ ಸ್ಥಿತಿಗೆ ಬಂದ ಹಿರಿಯರು ಕೊಳವೆಗಳ ನಡುವೆ ಮಲಗಿ, ಗಾಜಿನ ಬಾಗಿಲಿನ ಆಚೆ ನಿಂತ ಮಕ್ಕಳ ಮುಖವನ್ನು ದಿನಕ್ಕೆ ಎರಡು ಸಲ ನೋಡುತ್ತ ಇರುವುದು, ಜ್ಯೂರಿಕ್ ನಗರದ ಆ ಕಾಲ್ಪನಿಕ ಶೈತ್ಯಾಲಯಕ್ಕಿಂತ ಎಷ್ಟು ದೂರ? ಅವರು ಮನೆಗೆ ಹೋಗಬೇಕೆಂದು, ಪಂಚನಮಸ್ಕಾರವನ್ನು ಕೇಳಬೇಕೆಂದು ಕೈಸನ್ನೆ ಮಾಡಿದಾಗ, ಉಳಿಸಿಕೊಳ್ಳುವ ಆಸೆ ಯಾರದು, ಆಯು ಯಾರದು ಎಂದು ಒಮ್ಮೆ ಕೇಳಿಕೊಳ್ಳುವ ಧೈರ್ಯ ಮಕ್ಕಳಿಗೆ ಬೇಕಾಗುತ್ತದೆ. ಅದರ ಇನ್ನೊಂದು ಮುಖವೂ ಇದೆ. ಖರ್ಚಿಗೆ ಅಂಜಿ, ಆರೈಕೆಗೆ ಬೇಸತ್ತು, ಇಲ್ಲವೆ ಮನೆತನದ ಕೀರ್ತಿಗಾಗಿ ಹಿರಿಯರ ಕಡೆಯಿಂದ ವ್ರತ ಹಿಡಿಸುವುದು ಮಹಾಪಾಪ. ವ್ರತಿಯ ಸ್ವಂತ ಎಚ್ಚರವಿಲ್ಲದ ಕಡೆ ಸಲ್ಲೇಖನವಿಲ್ಲ.

2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯ ಸಂಥಾರವನ್ನು ಆತ್ಮಹತ್ಯೆಗೆ ಸಮವೆಂದು ಹೇಳಿದಾಗ ದೇಶದ ಜೈನರು ಬೀದಿಗಿಳಿದರು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ಮೆರವಣಿಗೆ ಮಾಡಿದ ಸಮಾಜ, ವ್ರತದ ಐದು ಅತಿಚಾರಗಳನ್ನು ಮನೆಯ ಮಕ್ಕಳಿಗೆ ಬಿಡಿಸಿ ಹೇಳುವುದಕ್ಕೂ ಅಷ್ಟೇ ಉತ್ಸಾಹ ತೋರಬೇಕಾಗಿದೆ. ಬಸದಿಗಳ ವಾಚನಾಲಯಗಳು ‘ಯೂಬಿಕ್’ ನಂಥ ಪುಸ್ತಕವನ್ನು ಮಿಥ್ಯಾಶ್ರುತವೆಂದು ಹೊರಗಿಡುವುದರಿಂದ ಏನೂ ಆಗುವುದಿಲ್ಲ. ತರುಣರು ಅದನ್ನು ಹೊರಗೆ ಓದಿಯೇ ಓದುತ್ತಾರೆ. ಸಮ್ಯಕ್‌ದೃಷ್ಟಿಯುಳ್ಳವನು ಮಿಥ್ಯಾಶ್ರುತದಿಂದಲೂ ಸತ್ಯವನ್ನು ಆರಿಸಿಕೊಳ್ಳಬಲ್ಲನೆಂದು ಹಿಂದಿನವರು ಹೇಳಿದ್ದಾರೆ. ಅದನ್ನು ‘ವಡ್ಡಾರಾಧನೆ’ಯ ಪಕ್ಕದಲ್ಲಿಟ್ಟು, ಹಿರಿಯರೂ ಕಿರಿಯರೂ ಕೂಡಿ ಓದುವುದು ಲೇಸು.

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಸಮಾಧಿಮರಣ ಹೊಂದಿದವರ ಹೆಸರುಗಳು ಸಾಲುಸಾಲಾಗಿ ಇವೆ. ಅವು ಬದುಕಿರುವವರು ಅಂಜಿ ಮೊದಲೇ ಕೆತ್ತಿಸಿದ ಹೆಸರುಗಳಲ್ಲ. ದೇಹ ಬಿಡುವ ಹೊತ್ತನ್ನು ಎಚ್ಚರದಿಂದ ಕಂಡವರ ಹೆಸರುಗಳು. ಫೋರ್ಟ್ ಮಾರ್ಗನ್ ಊರಿನ ಕಲ್ಲಿನ ಮೇಲಿನ ಖಾಲಿ ಜಾಗವನ್ನು ನೋಡುತ್ತ ಡಿಕ್ ಒಂದು ಒಳ್ಳೆಯ ಪ್ರಶ್ನೆಯನ್ನು ಕೇಳಿದನು. ಅದಕ್ಕೆ ಉತ್ತರ ಬರೆದ ಕಲ್ಲುಗಳು ಜೈನರ ಬೆಟ್ಟದ ಮೇಲೆಯೇ ಇವೆ. ಅವನ್ನು ಓದಲು ಮಕ್ಕಳಿಗೆ ಕಲಿಸುವುದು ಮನೆಯ ಹಿರಿಯರ ಹೊಣೆ.